ಶೀಲಕ್ಕನ ಹೊಟ್ಟೆ ಮತ್ತು ಶ್ರಾವಣದ ಸೋಮವಾರ

ನಮ್ಮ ಶೀಲಕ್ಕನ ಹೊಟ್ಟೆಯ ಬಗ್ಗೆ ಮುಂಬಯಿಯ ಸಯನ್‌ನ ಕನ್ನಡದ ಮನೆಗಳಲ್ಲಿ ಮಾತಾಡದವರಿಲ್ಲ. ಒಬ್ಬರು ಥೈರಾಯ್ಡ್ ಅಂದರು, ಇನ್ನೊಬ್ಬರು ದೃಷ್ಟಿ ತಾಗಿದೆ ಅಂದರು, ಮತ್ತೊಬ್ಬರು ಮುಟ್ಟು ನಿಲ್ಲುವ ಕಾಲ, ಹಾಗೇ ಇರುತ್ತದೆ ಬಿಡು ಅಂದರು. ಎಲ್ಲರ ಮಾತು ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ಆದ್ದರಿಂದ ಈ ಕಥೆಯನ್ನು ನಾನೇ ಹೇಳುತ್ತೇನೆ. ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿ ಕೂತು ನೋಡಿದವಳು ನಾನು. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ. ನಾನೂ ಹಚ್ಚುತ್ತೇನೆ, ಆದರೆ ಎಷ್ಟು ಹಚ್ಚಬೇಕೆಂಬುದು ನನಗೆ ಗೊತ್ತು.

ಶೀಲಾವತಿ ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣ ದಾನಪ್ಪನವರ ಹೆಂಡತಿ. ಹುಟ್ಟಿದ್ದು ವಿಜಯಪುರದ ಕಡೆ, ಸಂಸಾರ ಸಯನ್‌ನಲ್ಲಿ, ನೌಕರಿ ವಿಕ್ರೋಳಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಒಬ್ಬಳೇ ಮಗಳು, ಮದುವೆಯಾಗಿ ಪುಣೆಯಲ್ಲಿದ್ದಾಳೆ. ಒಂದೇ ಬಿಲ್ಡಿಂಗಿನಲ್ಲಿ ಅವರದು ಮೇಲಿನ ಫ್ಲಾಟು, ನಮ್ಮದು ಕೆಳಗಿನದು. ನಾನು ಮೆಣಸಿನಕಾಯಿ ಹುರಿದರೆ ಅವಳು ಮೇಲೆ ಸೀನುತ್ತಾಳೆ, ಅಷ್ಟು ಹತ್ತಿರ.

ಅವಳಿಗೆ ದೇವರು ಕೊಟ್ಟ ದನಿಯೊಂದಿದೆ. ಅಡುಗೆಮನೆಯಲ್ಲಿ ಹಾಡಿದರೆ ಮಿಕ್ಸರ್ ಸದ್ದಿನ ಮೇಲೂ ಕೇಳುತ್ತದೆ. ನಮ್ಮ ಕಡೆಯ ಒಂದಷ್ಟು ಮನೆಗಳವರು ಸೇರಿ ಭಜನೆಯ ಮೇಳ ಮಾಡಿಕೊಂಡಿದ್ದೇವೆ. ಶ್ರಾವಣದಲ್ಲಿ ಪ್ರತಿ ಸೋಮವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಭಜನೆ. ಕೊನೆಯ ಸೋಮವಾರ ಮಾತ್ರ ಯಾವಾಗಲೂ ಮಲ್ಲವ್ವನ ಮನೆಯಲ್ಲಿ. ಮಲ್ಲವ್ವ ನಮ್ಮೆಲ್ಲರಿಗಿಂತ ಹಿರಿಯಳು, ಮೇಳ ಕಟ್ಟಿದವಳು, ಅವಳು ಹೇಳಿದ್ದೇ ಕಾಯಿದೆ. ನಾನು ತಾಳ ಹಾಕುತ್ತೇನೆ. ಹಾಡಲು ಬಾರದವರಿಗೆ ಕೊಡುವ ಕೆಲಸ ಅದು, ನನಗೇನೂ ಬೇಜಾರಿಲ್ಲ.

ಭಜನೆಯ ಕೊನೆಗೆ ಮಂಗಳದ ಪದ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಮಲ್ಲವ್ವ ಆರತಿ ತಟ್ಟೆ ಎತ್ತಿದ ಕೂಡಲೇ ಹಾಡುವವಳು ಪದದ ಕೊನೆಯ ಸಾಲನ್ನು ಎತ್ತಬೇಕು. ತಟ್ಟೆ ದೇವರ ಮುಂದೆ ನಿಧಾನಕ್ಕೆ ಒಂದು ಸುತ್ತು ಬಂದು ಕೆಳಗಿಳಿಯುವವರೆಗೆ ಒಂದೇ ಉಸಿರಿನಲ್ಲಿ ಆ ಸಾಲು ಎಳೆಯಬೇಕು. ನಡುವೆ ದನಿ ಕಡಿದರೆ ಆರತಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು. ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ಮಂಗಳದ ಜಾಗ ಶೀಲಕ್ಕನಿಗೆ ಸಿಕ್ಕಿತು, ಅಲ್ಲಿಂದ ಒಮ್ಮೆಯೂ ಆರತಿ ನಿಂತಿರಲಿಲ್ಲ. ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ಅವಳಿಗೆ ಅಷ್ಟು ಹೆಮ್ಮೆಯಾದದ್ದನ್ನು ನಾನು ಕಾಣೆ.

ಇಂಥವಳಿಗೆ ಎರಡು ವರ್ಷದಿಂದ ಈ ಹೊಟ್ಟೆಯ ಕಾಟ ಶುರುವಾಯಿತು. ಬೆಳಗ್ಗೆ ಏಳುವಾಗ ಎಲ್ಲ ಸರಿ. ಮಧ್ಯಾಹ್ನಕ್ಕೆ ಗುಡುಗುಡು. ಸಂಜೆ ಲೋಕಲ್ ರೈಲಿನಿಂದ ಇಳಿಯುವಷ್ಟರಲ್ಲಿ ಹೊಟ್ಟೆ ಉಬ್ಬಿದ ಪೂರಿಯ ಹಾಗೆ. ಲಂಗದ ಲಾಡಿ ಸಡಿಲ ಮಾಡಿ, ಸೆರಗನ್ನು ಮುಂದೆ ಎಳೆದುಕೊಂಡು ಬರುತ್ತಿದ್ದಳು. ತೇಗು ಬೇರೆ. ಕೆಲವು ದಿನ ಬಂದವಳೇ ಚಪ್ಪಲಿ ಕೂಡ ಬಿಡದೆ ಬಾತ್‌ರೂಮಿಗೆ ಓಡುತ್ತಿದ್ದಳು. ಓಮ, ಇಂಗು, ಕಾಲಾ ನಮಕ್, ಚೂರ್ಣ, ಯಾರು ಏನು ಹೇಳಿದರೋ ಎಲ್ಲ ಆಯಿತು. ಭಾವನವರು ಪಾಪ, ಹೆಂಡತಿ ಹೊಟ್ಟೆ ಹಿಡಿದುಕೊಂಡು ಕೂತರೆ ತಾವೇ ಎದ್ದು ಹೋಗಿ ಫ್ರಿಜ್‌ನಿಂದ ಗ್ಲಾಸು ತುಂಬ ತಣ್ಣನೆಯ ಹಾಲು ತಂದು ಕೊಡುತ್ತಿದ್ದರು. ಅಸಿಡಿಟಿಗೆ ತಣ್ಣನೆ ಹಾಲು ಎಂದು ಮುಂಬಯಿಯಲ್ಲಿ ಹೇಳದವರು ಯಾರು?

ಒಂದು ದಿನ ಹೊಟ್ಟೆ ಬೆಳಗ್ಗೆಯೇ ಉಬ್ಬಿತ್ತು. ಆಫೀಸಿಗೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಇವಳ ಹೊಟ್ಟೆ ನೋಡಿ ಗಡಬಡಿಸಿ ಎದ್ದು, "ಆಪ್ ಬೈಠಿಯೇ, ಐಸೇ ಮೇ ಖಡೇ ಮತ್ ರಹಿಯೇ" ಅಂದಳಂತೆ. ಇಂಥ ಸ್ಥಿತಿಯಲ್ಲಿ ನಿಲ್ಲಬೇಡಿ ಅಂತ. ಐವತ್ತಕ್ಕೆ ಬಂದ ಶೀಲಕ್ಕನಿಗೆ. ಸುತ್ತಲಿನ ಹೆಂಗಸರೆಲ್ಲ ಜಾಗ ಮಾಡಿಕೊಟ್ಟರಂತೆ.

ಸಂಜೆ ನನ್ನ ಮನೆಗೆ ಬಂದು ಅದನ್ನು ಹೇಳಿದಳು. ನಾನು ನಕ್ಕೆ.

"ನೀನೇನ ಅಂದಿ ಅಕ್ಕಾ?"

"ಏನ ಅನ್ನಲಿ? ಥ್ಯಾಂಕ್ಯೂ ಅಂದು ಕುಂತೆ, ವಿಕ್ರೋಳಿ ತನಕ," ಅಂದಳು. ಅಂದವಳು ಹಾಗೇ ಅಳತೊಡಗಿದಳು. ನನ್ನ ನಗು ಅಲ್ಲೇ ನಿಂತಿತು. ಕ್ಯಾನ್ಸರ್ ಇರಬಹುದೇನೋ ಎಂಬ ಹೆದರಿಕೆ ಅವಳ ಮನಸ್ಸಿನಲ್ಲಿದೆ ಎಂದು ನನಗೆ ಅವತ್ತು ತಿಳಿಯಿತು. ಅವಳ ದೊಡ್ಡಮ್ಮನಿಗೂ ಹೊಟ್ಟೆ ಉಬ್ಬುವುದರಿಂದಲೇ ಶುರುವಾಗಿತ್ತಂತೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಮರುದಿನವೇ ನಾನು ಮತ್ತು ಭಾವ ಅವಳನ್ನು ಡಾಕ್ಟರ್ ರಂಜನಿಯವರ ಹತ್ತಿರ ಕರೆದುಕೊಂಡು ಹೋದೆವು. ಮೈಸೂರಿನ ಕಡೆಯವರು, ಸಯನ್‌ನಲ್ಲೇ ಕ್ಲಿನಿಕ್. ಸಮಾಧಾನದ ಹೆಂಗಸು. ಅವಸರವಿಲ್ಲದೆ ಕೇಳಿಸಿಕೊಂಡರು. ರಕ್ತ, ಸೋನೋಗ್ರಫಿ, ಬಾಯಿಯಿಂದ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವುದು, ಎಲ್ಲ ಮಾಡಿಸಿದರು. ಎಲ್ಲವೂ ನಾರ್ಮಲ್ ಬಂತು. ಕ್ಯಾನ್ಸರ್ ಇಲ್ಲ ಎಂದು ಅವರು ಹೇಳಿದಾಗ ಭಾವ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೈ ಮುಗಿದರು.

ಶೀಲಕ್ಕನಿಗೂ ಸಮಾಧಾನವಾಯಿತು. ಆದರೆ ಅದು ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವ ತನಕ.

"ಎಲ್ಲಾ ನಾರ್ಮಲ್ ಅಂದ್ರ ಈ ಹೊಟ್ಟಿ ಯಾರದು ಮತ್ತ?" ಅಂದಳು.

ಡಾಕ್ಟರ್ ಬಿಟ್ಟುಬಿಡಲಿಲ್ಲ, ಮತ್ತೆ ಕರೆದು ವಿಚಾರಿಸಿದರು.

"ಯಾವ ದಿನ ಜಾಸ್ತಿ ಆಗತ್ತೆ?"

"ಸೋಮವಾರರಿ. ಭಾಳ ತ್ರಾಸ."

"ಸೋಮವಾರ ಏನು ತಿಂತೀರಾ?"

"ಏನಿಲ್ಲರಿ. ಉಪವಾಸ."

"ಏನೂ ಇಲ್ವಾ?"

ಭಾವ ನಡುವೆ ಬಾಯಿ ಹಾಕಿದರು. "ಏನೂ ತಿನ್ನೂದಿಲ್ಲರಿ ಡಾಕ್ಟರ್. ಅನ್ನ ಇಲ್ಲ, ರೊಟ್ಟಿ ಇಲ್ಲ. ಶ್ರಾವಣ ಅಷ್ಟ ಅಲ್ಲ, ವರ್ಷಪೂರ್ತಿ ಸೋಮವಾರ ಆಕೀ ಉಪವಾಸ ಅಂದ್ರ ಖರೇ ಉಪವಾಸ."

"ಹಾಲು, ಮೊಸರು ಆಗಿಬರತ್ತಾ?"

ಶೀಲಕ್ಕ ನೆಟ್ಟಗೆ ಕೂತಳು. "ಆಗಿ ಬರತೈತೇನ ಅಂದ್ರ ಏನ್ರಿ? ಎಮ್ಮಿ ಹಾಲು ಕುಡದು ಬೆಳದಾಕಿ ನಾ. ಹಾಲಿಂದ ನನಗ ಎಂದೂ ಏನೂ ಆಗಿಲ್ಲ."

ಡಾಕ್ಟರ್ ಆದರೂ ಏನು ಮಾಡಿಯಾರು? ಏನೂ ತಿನ್ನದ ದಿನವೇ ಹೊಟ್ಟೆ ಹೆಚ್ಚು ಉಬ್ಬುತ್ತದೆ ಅಂದರೆ ಕಾರಣ ಊಟದಲ್ಲಿಲ್ಲ ಎಂದಾಯಿತು. ವಾರದ ಮೊದಲ ದಿನದ ಆಫೀಸಿನ ಟೆನ್ಷನ್ ಇರಬಹುದು, ಖಾಲಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿರಬಹುದು ಎಂದು ಗುಳಿಗೆ ಬರೆದುಕೊಟ್ಟು, ಮತ್ತೆ ಬರಲು ಹೇಳಿದರು. ಖಾಲಿ ಹೊಟ್ಟೆ ಎಂಬ ಮಾತು ಭಾವನ ತಲೆಯಲ್ಲಿ ಕೂತುಬಿಟ್ಟಿತು. ಸೋಮವಾರ ಇನ್ನೊಂದು ಗ್ಲಾಸು ಹಾಲು ಹೆಚ್ಚಾಯಿತು.

ಅಷ್ಟರಲ್ಲಿ ಶ್ರಾವಣ ಬಂತು. ಹೋದ ವರ್ಷ ಹೇಗೋ ಹಲ್ಲು ಕಚ್ಚಿ ಮಂಗಳ ಹಾಡಿ ಮುಗಿಸಿದ್ದಳು. ಮೊದಲ ಸೋಮವಾರ ಭಜನೆ ನನ್ನ ಮನೆಯಲ್ಲಿ. ಶೀಲಕ್ಕ ಮೆಟ್ಟಿಲಿಳಿದು ಬರುವಾಗಲೇ ಮುಖ ಬಿಳುಚಿತ್ತು. ಮಂಗಳದ ಹೊತ್ತಿಗೆ ಮಲ್ಲವ್ವ ತಟ್ಟೆ ಎತ್ತಿದಳು, ಶೀಲಕ್ಕ ಸಾಲು ಎತ್ತಿದಳು. ತಟ್ಟೆ ಅರ್ಧ ಸುತ್ತು ಹೋಗಿರಬೇಕು, ದನಿ ಕಡಿಯಿತು. ಕಡಿದ ದನಿಯ ಹಿಂದೆಯೇ ಒಂದು ತೇಗು. ಸಣ್ಣದಲ್ಲ. ಮೈಕಿನಲ್ಲಿ. ಹಿಂದೆ ಕೂತ ಮಕ್ಕಳು ಕಿಸಕ್ಕನೆ ನಕ್ಕವು. ನಾನು ತಾಳ ಜೋರಾಗಿ ಕುಟ್ಟಿದೆ, ಆದರೆ ಕೇಳಬಾರದ್ದು ಎಲ್ಲರಿಗೂ ಕೇಳಿ ಆಗಿತ್ತು. ಆರತಿ ನಿಂತಿತು. ಮತ್ತೆ ಶುರು ಮಾಡಿದರೆ ಮತ್ತೆ ಅಷ್ಟಕ್ಕೇ ಉಸಿರು ಮುಗಿಯಿತು. ಕೊನೆಗೆ ಎಲ್ಲರೂ ಸೇರಿ ಗುಂಪಿನಲ್ಲಿ ಹಾಡಿ ಮುಗಿಸಿದೆವು.

ಎರಡನೆಯ ಸೋಮವಾರ ಅಂಧೇರಿಯಲ್ಲಿ, ಶಿವಕುಮಾರಿ ಎಂಬವಳ ಮನೆಯಲ್ಲಿ. ಅವಳಿಗೂ ಕಂಠ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಶೀಲಕ್ಕ ಅಂದು ಕೂರಲಿಕ್ಕೂ ಆಗದೆ ಗೋಡೆಗೆ ಒರಗಿದ್ದಳು. ಮಂಗಳ ಶಿವಕುಮಾರಿಯೇ ಹಾಡಿದಳು. ಮುಗಿದ ಮೇಲೆ ಮಲ್ಲವ್ವ ಎಲ್ಲರ ಮುಂದೆಯೇ ಹೇಳಿದಳು:

"ಶೀಲಾ, ನಿನ್ನ ಕಡಿಂದ ಇನ್ನ ಆಗೂದಿಲ್ಲ ಬಿಡವಾ. ಕಡೀ ಸೋಮವಾರ ನಮ್ಮನ್ಯಾಗ ಶಿವಕುಮಾರಿನ ಹಾಡ್ಲಿ. ಮುಂದಿನ ವರ್ಷದಿಂದಾನೂ ಆಕೀನ ಇರ್ಲಿ."

ಮೆಟ್ರೋದಲ್ಲಿ ವಾಪಸು ಬರುವಾಗ ಶೀಲಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ನನಗೆ ಮಲ್ಲವ್ವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವಳ ಮನೆಗೆ ಇನ್ನು ತಾಳ ಹಿಡಿದು ಹೋದರೆ ಕೇಳಿ ಎಂದು ಹೇಳಿಯೂ ಬಿಟ್ಟೆ. ಘಾಟ್ಕೋಪರ್‌ನಲ್ಲಿ ಇಳಿದು ಲೋಕಲ್‌ಗೆ ಕಾಯುತ್ತ ನಿಂತಾಗ ಶೀಲಕ್ಕ ಬಾಯಿ ಬಿಟ್ಟಳು. ಸಿಟ್ಟು ಮಲ್ಲವ್ವನ ಮೇಲಲ್ಲ, ಶಿವನ ಮೇಲೆ.

"ಇಷ್ಟ ವರ್ಷ ಉಪವಾಸ ಮಾಡೀನಿ. ಆತು, ಇಷ್ಟ ಸಾಲದಾ ಅವಗ? ಬರೂ ಸೋಮವಾರ ಕಟ್ಟು ಉಪವಾಸ ಮಾಡ್ತೀನಿ. ಹಾಲೂ ಇಲ್ಲ, ಹಣ್ಣೂ ಇಲ್ಲ. ಬರೇ ನೀರು. ನೋಡೂಣು ಏನ ಮಾಡ್ತಾನ."

ದೇವರ ಜೊತೆ ಹೀಗೆ ಜಗಳಕ್ಕೆ ನಿಂತವಳನ್ನು ಯಾರು ತಡೆಯಬೇಕು? ಭಾವ ಹೇಳಿ ನೋಡಿದರು, ನಾನು ಬೈದು ನೋಡಿದೆ. ಕೇಳಲಿಲ್ಲ. ಮೂರನೆಯ ಸೋಮವಾರ ನೀರಿನ ಬಾಟಲಿಯೊಂದನ್ನೇ ಹಿಡಿದು ಆಫೀಸಿಗೆ ಹೋದಳು. ತಲೆ ತಿರುಗಿ ಬಿದ್ದಳೆಂದು ಫೋನ್ ಬರುತ್ತದೆ ಎಂದು ನಾನು ಇಡೀ ದಿನ ಕಾದೆ.

ಸಂಜೆ ಬಾಗಿಲು ಬಡಿಯಿತು. ತೆಗೆದರೆ ಶೀಲಕ್ಕ. ಮುಖ ಬಾಡಿತ್ತು, ತುಟಿ ಒಣಗಿತ್ತು, ಆದರೆ ಕಣ್ಣು ಹೊಳೆಯುತ್ತಿದ್ದವು. ಒಳಗೆ ಬಂದವಳೇ ಸೆರಗು ಸರಿಸಿ ಹೊಟ್ಟೆ ತೋರಿಸಿದಳು.

"ವೈಶಾಲಿ, ಮುಟ್ಟಿ ನೋಡ."

ಮುಟ್ಟಿದೆ. ಮೆತ್ತಗಿತ್ತು. ಉಬ್ಬರವಿಲ್ಲ, ಗುಡುಗುಡು ಇಲ್ಲ. ಬೆಳಗ್ಗೆ ಕಟ್ಟಿದ ಲಾಡಿಯ ಗಂಟು ಬೆಳಗ್ಗೆ ಕಟ್ಟಿದಲ್ಲೇ ಇತ್ತು. ಅಂದಿನ ಭಜನೆಯಲ್ಲಿ ಹಿಂದೆ ಕೂತು ಗುಂಪಿನಲ್ಲಿ ದನಿ ಸೇರಿಸಿದಳು, ಆದರೆ ನನ್ನ ಕಿವಿಗೆ ಅವಳದೊಂದೇ ದನಿ ಕೇಳುತ್ತಿತ್ತು.

ಮಂಗಳವಾರವೇ ಡಾಕ್ಟರ್ ಹತ್ತಿರ ಓಡಿದೆವು. ಶಿವ ಮಾತು ಕೇಳಿದ ಎಂಬ ಗತ್ತು ಶೀಲಕ್ಕನ ಮುಖದಲ್ಲಿ.

"ಈ ಸೋಮವಾರ ಹೊಟ್ಟಿ ಉಬ್ಬಲೇ ಇಲ್ಲರಿ ಡಾಕ್ಟರ್."

"ಒಳ್ಳೇದಾಯ್ತು. ಏನು ಬದಲಾಯಿಸಿದ್ರಿ?"

"ಏನೂ ತಿನ್ನಲಿಲ್ಲರಿ. ಬರೇ ನೀರು."

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಪ್ರತಿ ಸೋಮವಾರಾನೂ ಏನೂ ತಿನ್ನಲ್ಲ ಅಂದಿದ್ರಲ್ಲ?"

"ಹೌದಲ್ಲರಿ, ಉಪವಾಸ. ಮುಂಜಾನೆ ಒಂದ ಗ್ಲಾಸ್ ಹಾಲು, ಬಾಳಿಹಣ್ಣು. ಮಧ್ಯಾಹ್ನ ಸಾಬೂದಾಣಿ ಖಿಚಡಿ, ಅದರ ಮ್ಯಾಲೆ ಒಂದ ಗ್ಲಾಸ್ ಹಾಲು. ಆಫೀಸಿಂದ ಬಂದ ಮ್ಯಾಲೆ ಹೊಟ್ಟಿ ಉರಿಬಾರದಂತ ನಮ್ಮವರು ತಣ್ಣಗಿಂದ ಹಾಲು ಕೊಡ್ತಾರ. ಹಾಡೂಕಿಂತ ಮೊದಲ ಗಂಟಲಕ್ಕ ಮೆಣಸು ಹಾಕಿದ ಹಾಲು. ಮತ್ತ ಊಟ ಅಂತ ಏನಿಲ್ಲರಿ."

ಡಾಕ್ಟರ್ ರಂಜನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ಇಷ್ಟೆಲ್ಲ ಊಟ ಅಲ್ವಾ?"

"ಹಾಲು ಊಟ ಹೆಂಗ ಆಗತೈತ್ರಿ? ಉಪವಾಸಕ್ಕ ನಡೀತೈತಿ."

"ದೇವರಿಗೆ ನಡೆಯತ್ತೆ. ನಿಮ್ಮ ಹೊಟ್ಟೆಗೆ ನಡೆಯತ್ತಾ ಅಂತ ನೋಡೋಣ."

ನನಗೆ ನಗು ತಡೆಯಲಾಗಲಿಲ್ಲ, ಆದರೆ ನಗುತ್ತ ನಗುತ್ತ ನೆನಪಾಯಿತು, ನಾನೂ ಉಪವಾಸದ ದಿನ ಹಾಲು ಕುಡಿದು ಏನೂ ತಿಂದಿಲ್ಲ ಎಂದೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಎಲ್ಲರೂ ಹಾಗೇ. ಅನ್ನ ರೊಟ್ಟಿ ಮುಟ್ಟದಿದ್ದರೆ ತಿಂದ ಹಾಗಲ್ಲ. ಕೇಳಿದವರಿಗೆ ಸುಳ್ಳು ಹೇಳಿದೆವು ಎಂಬ ಭಾವನೆ ಕೂಡ ಬರುವುದಿಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ಹಾಲಿನಲ್ಲಿರುವ ಒಂದು ಬಗೆಯ ಸಕ್ಕರೆಯನ್ನು ಅರಗಿಸುವ ಶಕ್ತಿ ಎಷ್ಟೋ ಜನರಿಗೆ ವಯಸ್ಸಾದ ಹಾಗೆ ಕಡಿಮೆಯಾಗುತ್ತದಂತೆ. ಚಿಕ್ಕಂದಿನಲ್ಲಿ ಚೊಂಬುಗಟ್ಟಲೆ ಕುಡಿದವರಿಗೂ. ಶನಿವಾರದವರೆಗೆ ಹಾಲು ಪೂರ್ತಿ ಬಂದ್, ಚಹಾಕ್ಕೂ ಬೇಡ. ಉಳಿದದ್ದೆಲ್ಲ ಎಂದಿನಂತೆ ತಿನ್ನಿ. ಭಾನುವಾರ ಬೆಳಗ್ಗೆ ಒಂದು ಗ್ಲಾಸು ಹಾಲು ಕುಡಿದು ಏನಾಗುತ್ತದೆ ನೋಡಿ ಅಂದರು. ಮೊಸರು ಸಾಮಾನ್ಯವಾಗಿ ಅಷ್ಟು ತೊಂದರೆ ಕೊಡುವುದಿಲ್ಲ ಎಂದಾಗ ಶೀಲಕ್ಕನಿಗೆ ಜೀವ ಬಂತು. ಮೊಸರಿಲ್ಲದೆ ರೊಟ್ಟಿ ತಿನ್ನುವುದು ಅವಳಿಂದ ಆಗುವ ಮಾತಲ್ಲ.

ಆ ವಾರ ಶೇಂಗಾ ತಿಂದಳು, ಸಾಬೂದಾಣಿ ತಿಂದಳು, ಹೊಟ್ಟೆ ತುಂಬ ರೊಟ್ಟಿ ತಿಂದಳು. ಏನೂ ಆಗಲಿಲ್ಲ. ಭಾನುವಾರ ಬೆಳಗ್ಗೆ ನಾವೆಲ್ಲ ಅವಳ ಸುತ್ತ ಕೂತೆವು. ಹಾಲು ಕುಡಿದಳು. ಮಧ್ಯಾಹ್ನದೊಳಗೆ ಪೂರಿ ಉಬ್ಬಿತು, ಬಾತ್‌ರೂಮಿಗೂ ಓಡಿದಳು. ಹೊರಗೆ ಬಂದವಳ ಮುಖದಲ್ಲಿ ಗೆದ್ದ ಕಳೆ. ಹೊಟ್ಟೆ ಹಿಡಿದುಕೊಂಡು ಹಾಗೆ ನಗುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಭಾವ ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. "ಎರಡ ವರ್ಷ ನಾನ ನನ್ನ ಕೈಯಾರೆ ಕುಡಿಸಿನ್ಯಲ್ಲ," ಅಂದರು.

"ಪ್ರೀತಿಲೆ ಕುಡಿಸೀರಿ, ತಗೋರಿ. ಇನ್ನ ಅದ ಪ್ರೀತಿಲೆ ಬಿಸಿನೀರು ಕೊಡ್ರಿ," ಅಂದಳು ಶೀಲಕ್ಕ.

ಮರುದಿನ ಕೊನೆಯ ಸೋಮವಾರ. ಮಲ್ಲವ್ವನ ಮನೆ ಕಿಕ್ಕಿರಿದಿತ್ತು. ಹೌದು, ನಾನೂ ತಾಳ ಹಿಡಿದು ಹೋಗಿದ್ದೆ, ಕೇಳಬೇಡಿ. ಮಂಗಳದ ಹೊತ್ತಾದಾಗ ಶಿವಕುಮಾರಿ ಹಾರ್ಮೋನಿಯಂ ಪೇಟಿಯ ಪಕ್ಕಕ್ಕೆ ಸರಿಯುವಷ್ಟರಲ್ಲಿ ಶೀಲಕ್ಕ ಎದ್ದು ನಿಂತಳು.

"ಅವ್ವಾ, ಇವತ್ತ ಮಂಗಳ ನಾ ಹಾಡ್ತೀನ್ರಿ."

ಮಲ್ಲವ್ವ ಮೇಲೆ ಕೆಳಗೆ ನೋಡಿದಳು. "ನಡಕ ದನಿ ತುಂಡಾದ್ರ?"

"ಆದ್ರ ಇನ್ನ ಎಂದೂ ಮಂಗಳಕ್ಕ ಕುಂಡ್ರೂದಿಲ್ಲ."

ಶಿವಕುಮಾರಿ ಒಳ್ಳೆಯವಳು, ತಾನೇ ಜಾಗ ಬಿಟ್ಟುಕೊಟ್ಟಳು. ಆಗ ಮಲ್ಲವ್ವ ದೇವರ ಮುಂದಿಟ್ಟಿದ್ದ ಬೆಳ್ಳಿ ಲೋಟ ಎತ್ತಿದಳು. ಅವಳ ಮನೆಯ ರೂಢಿ ಅದು. ಮಂಗಳ ಹಾಡುವವಳಿಗೆ ಮೊದಲು ನೈವೇದ್ಯದ ಹಾಲು, ಕೇಸರಿ ಮೆಣಸು ಹಾಕಿದ್ದು. ಇದೊಂದು ನೆನಪೇ ಇರಲಿಲ್ಲ ನನಗೆ.

ಶೀಲಕ್ಕ ಎರಡೂ ಕೈಯಿಂದ ಲೋಟ ತೆಗೆದುಕೊಂಡಳು. ಬೆರಳ ತುದಿ ಹಾಲಿಗೆ ತಾಗಿಸಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಲೋಟವನ್ನು ಗಂಡನ ಕೈಗೆ ಕೊಟ್ಟಳು.

"ನನ್ನ ಪಾಲಿಂದು ನೀವು ತಗೋರಿ. ನನಗ ಹಾಲು ಆಗಿಬರೂದಿಲ್ಲ."

ಭಾವ ಯಾರ ಮುಖವನ್ನೂ ನೋಡದೆ ಒಂದೇ ಗುಟುಕಿಗೆ ಕುಡಿದುಬಿಟ್ಟರು.

"ದೇವರ ಮುಂದಿನ ಹಾಲು ಒಲ್ಲೆ ಅಂದಾಕೀನ ಇವತ್ತ ನೋಡಿದೆ," ಅಂದಳು ಮಲ್ಲವ್ವ. ತಟ್ಟೆಯಲ್ಲಿ ಕರ್ಪೂರ ಹಚ್ಚಿದಳು. ಆ ಮುಖ ನೋಡಿಯೇ ಗೊತ್ತಾಯಿತು ನನಗೆ, ಮುದುಕಿ ಸುಮ್ಮನೆ ಬಿಡುವುದಿಲ್ಲ.

ತಟ್ಟೆ ಎದ್ದಿತು. ಶೀಲಕ್ಕನ ದನಿಯೂ ಎದ್ದಿತು. ಮಲ್ಲವ್ವ ಎಂದಿಗಿಂತ ನಿಧಾನ ತಿರುಗಿಸುತ್ತಿದ್ದಳು, ಬೇಕೆಂದೇ. ತಟ್ಟೆ ಅರ್ಧಕ್ಕೆ ಬಂತು. ಹಿಂದೆ ದನಿ ಕಡಿದದ್ದು ಅಲ್ಲೇ. ನನ್ನ ತಾಳ ತಪ್ಪಿತು, ಅವಳ ದನಿ ತಪ್ಪಲಿಲ್ಲ. ಸುತ್ತು ಮುಗಿಯಿತು. ಮಲ್ಲವ್ವ ತಟ್ಟೆ ಇಳಿಸಲಿಲ್ಲ. ಇನ್ನೊಂದು ಸುತ್ತಿಗೆ ಎತ್ತಿದಳು. ಇದು ಅನ್ಯಾಯ ಎಂದು ಕೂಗಬೇಕೆನಿಸಿತು ನನಗೆ. ಶೀಲಕ್ಕ ಕಣ್ಣು ಮುಚ್ಚಿರಲಿಲ್ಲ. ಮಲ್ಲವ್ವನನ್ನೇ ನೋಡುತ್ತಿದ್ದಳು, ಸಿಟ್ಟಿಲ್ಲದೆ, ಹಟದಿಂದ. ಹೊಟ್ಟೆಯ ಆಳದಿಂದ ಉಸಿರು ಬರುತ್ತಿತ್ತು, ಆ ಹೊಟ್ಟೆ ಈಗ ಅವಳ ಮಾತು ಕೇಳುತ್ತಿತ್ತು. ಎರಡನೆಯ ಸುತ್ತಿನ ಅರ್ಧಕ್ಕೆ ಮಲ್ಲವ್ವನ ಕೈ ನಡುಗಿತು. ಬಳೆ ಸದ್ದಾಯಿತು. ಎಡಗೈಯಿಂದ ಬಲಗೈ ಹಿಡಿದಳು. ಆದರೂ ಆಗಲಿಲ್ಲ, ತಟ್ಟೆಯನ್ನು ಕೆಳಗಿಟ್ಟಳು.

ತಟ್ಟೆ ನೆಲ ಮುಟ್ಟಿದ ಮೇಲೂ ದನಿ ಇನ್ನಷ್ಟು ಹೊತ್ತು ಇತ್ತು. ಆಮೇಲೆ ಶೀಲಕ್ಕ ತಾನಾಗಿ ನಿಲ್ಲಿಸಿದಳು.

ಮಲ್ಲವ್ವ ಏದುಸಿರು ಬಿಡುತ್ತ ತೋಳು ತಿಕ್ಕಿಕೊಂಡಳು. ಖಾಲಿಯಾದ ಬೆಳ್ಳಿ ಲೋಟ ಎತ್ತಿಕೊಂಡು ಕೇಳಿದಳು:

"ಹಾಲು ಆಗೂದಿಲ್ಲಂದ್ರ ಮತ್ತ ಏನ ಕೊಡ್ಲಿ ನಿನಗ?"

"ಬಿಸಿನೀರಿಗಿ ನಾಕ ಮೆಣಸು ಹಾಕಿ ಕೊಡ್ರಿ ಅವ್ವಾ. ಬರೂ ವರ್ಷಾನೂ ಅದನ್ನ ಕೊಡ್ರಿ."

ಮಲ್ಲವ್ವ ಬರುವ ವರ್ಷದ ಮಾತಿಗೆ ಇಲ್ಲವೆನ್ನಲಿಲ್ಲ. ತಾನೇ ಅಡುಗೆಮನೆಗೆ ಹೋಗಿ, ಅದೇ ಲೋಟದಲ್ಲಿ ಬಿಸಿನೀರು ತಂದು ಕೊಟ್ಟಳು. ನಾನು ಅತ್ತೆ. ಎಲ್ಲರ ಮುಂದೆ, ಮೂಗು ಒರೆಸಿಕೊಳ್ಳುತ್ತ. ನನಗೇನು ನಾಚಿಕೆ?

ಮರುದಿನ ಬೆಳಗ್ಗೆ ಒಲೆಯ ಮೇಲೆ ಒಗ್ಗರಣೆಯಿದ್ದಾಗ ಶೀಲಕ್ಕನ ಫೋನ್ ಬಂತು. ಹಿಂದೆ ಲೋಕಲ್‌ನ ಗದ್ದಲ, ಮಾತು ಅರ್ಧಂಬರ್ಧ ಕೇಳುತ್ತಿತ್ತು. ಏನೋ ಆಯಿತೆಂದು ಗ್ಯಾಸ್ ಆರಿಸಿ ಕಿವಿಗೆ ಒತ್ತಿ ಹಿಡಿದೆ.

"ವೈಶಾಲಿ, ಕೇಳಾಕತ್ತೈತೇನ? ಸಯನ್‌ನಾಗ ಹತ್ತೀನಿ, ವಿಕ್ರೋಳಿ ಬಂತು. ಆ ಕಾಲೇಜ್ ಹುಡುಗಿ ಇಲ್ಲೇ ಮುಂದ ಕುಂತಾಳ. ನನ್ನ ನೋಡಿದ್ಲು, ಮತ್ತ ಮೊಬೈಲ್ ನೋಡಕೋತ ಕುಂತ್ಲು. ಇವತ್ತ ಯಾರೂ ನನಗ ಸೀಟ್ ಕೊಡಲಿಲ್ಲ."